ಶಿರಸಿಗೆ ಒಯ್ದರೆ ಅಯಾನ್ ಚೇಂಬರಿನ ರೀಡಿಂಗ್ ಇಳಿಯುತ್ತದೆ, ಕಾರವಾರದ ಮಳೆಗಾಲದಲ್ಲಿ ನಿಲ್ಲುವುದೇ ಇಲ್ಲ: ದೋಷ ಎಲ್ಲಿದೆ?

ಘಟ್ಟದ ಮೇಲಿನವ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವನು. ಸದ್ಯ ಕಾರವಾರದಲ್ಲಿ ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಮುಂದೆ ವೈದ್ಯಕೀಯ ಭೌತಶಾಸ್ತ್ರ ಓದುವ ಉದ್ದೇಶವಿರುವುದರಿಂದ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿಕಿರಣದ ಡೋಸ್ ಅಳೆಯಲು ಬಳಸುವ ಅಯಾನ್ ಚೇಂಬರನ್ನು (ವಿಕಿರಣ ಬಿದ್ದಾಗ ಒಳಗಿನ ಗಾಳಿಯಲ್ಲಿ ಹುಟ್ಟುವ ಅಯಾನುಗಳ ವಿದ್ಯುದಂಶವನ್ನು ಕೂಡಿಸುವ ಪುಟ್ಟ ಕೋಶವನ್ನು) ಪರೀಕ್ಷಿಸುವ ಬಗೆಯನ್ನೇ ಪ್ರಾಜೆಕ್ಟಿನ ವಿಷಯವಾಗಿ ತೆಗೆದುಕೊಂಡಿದ್ದೇನೆ. ನಮ್ಮ ಬಳಿ ಇರುವುದು ಎರವಲು ತಂದ, 0.6 ಘನ ಸೆಂಟಿಮೀಟರಿನ, ಫಾರ್ಮರ್ ಎಂಬ ಉರುಳೆಯಾಕಾರದ ಮಾದರಿಯ ಹಳೆಯ ಚೇಂಬರ್, ಅದಕ್ಕೆ ಹೊಂದುವ, ಅತಿ ಸಣ್ಣ ವಿದ್ಯುತ್ತನ್ನು ಅಳೆಯುವ ಎಲೆಕ್ಟ್ರೋಮೀಟರ್ ಮತ್ತು ಚೇಂಬರನ್ನು ಪ್ರತಿ ಸಲವೂ ಒಂದೇ ಸ್ಥಾನದಲ್ಲಿ ಕೂರಿಸುವ, ಸ್ಟ್ರಾನ್ಷಿಯಮ್-90 ಇರುವ ಚೆಕ್ ಸೋರ್ಸ್, ಅಂದರೆ ಪರೀಕ್ಷೆಗೆಂದೇ ಇರುವ ವಿಕಿರಣ ಮೂಲ. ಇವೆಲ್ಲ ಮಾರ್ಗದರ್ಶಕರ ಹೊಣೆಯಲ್ಲಿವೆ, ಕಾಗದಪತ್ರಗಳೂ ಸರಿಯಾಗಿವೆ.

ತೊಂದರೆ ಎರಡು. ಮೊದಲನೆಯದು, ಬೇಸಿಗೆಯಲ್ಲಿ ಕಾರವಾರದಲ್ಲಿ ತೆಗೆದ ರೀಡಿಂಗನ್ನು 100 ಎಂದಿಟ್ಟುಕೊಂಡರೆ, ಅದೇ ವಾರ ವಿಜ್ಞಾನ ಪ್ರದರ್ಶನಕ್ಕೆಂದು ಶಿರಸಿಗೆ ಒಯ್ದಾಗ ಅದೇ ಸೋರ್ಸಿಗೆ, ಅಷ್ಟೇ ಸಮಯಕ್ಕೆ, 94.5 ಮಾತ್ರ ಬಂತು. ಕಾರವಾರದ ಕೋಣೆಯಲ್ಲಿ 27 ಡಿಗ್ರಿ, ಶಿರಸಿಯಲ್ಲಿ 24 ಡಿಗ್ರಿ ಇತ್ತು. ಉಷ್ಣತೆ ಮತ್ತು ಒತ್ತಡಗಳ ತಿದ್ದುಪಡಿ ಮಾಡಿಯೂ ನೋಡಿದೆ. ವ್ಯತ್ಯಾಸ ಮುಚ್ಚಿಹೋಗುವ ಬದಲು ಶೇಕಡಾ 6ಕ್ಕೂ ಮೇಲೆ ಹೋಯಿತು. ಎರಡನೆಯದು, ಮಳೆಗಾಲ ಹಿಡಿದ ಮೇಲೆ ಕಾರವಾರದಲ್ಲಿಯೇ ಸೋರ್ಸ್ ಇಲ್ಲದಿದ್ದಾಗಲೂ ಎಲೆಕ್ಟ್ರೋಮೀಟರಿನ ಅಂಕಿ ತಾನಾಗಿಯೇ ಏರುತ್ತ ಹೋಗುತ್ತದೆ, ಒಮ್ಮೊಮ್ಮೆ ಹಿಂದಕ್ಕೂ ಸರಿಯುತ್ತದೆ. ಚೇಂಬರ್ ಕೆಟ್ಟಿದೆ ಎಂದು ಹಿಂದಿರುಗಿಸಿಬಿಡಬೇಕೇ, ಅಥವಾ ಅದಕ್ಕೂ ಮೊದಲು ಮಾಡಬೇಕಾದ ಪರೀಕ್ಷೆಗಳಿವೆಯೇ? ಆಸ್ಪತ್ರೆಗಳಲ್ಲಿ ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಕಡಲತಡಿ:

ಎರಡಕ್ಕೂ ಕಾರಣ ಆರ್ದ್ರತೆಯೇ ಇರಬೇಕು. ಗಾಳಿಗೆ ತೆರೆದುಕೊಂಡ ಚೇಂಬರಿನೊಳಗೆ ಕಾರವಾರದಲ್ಲಿ ಹಸಿ ಗಾಳಿ ಇರುತ್ತದೆ, ಶಿರಸಿಯಲ್ಲಿ ಬೇಸಿಗೆಯ ಗಾಳಿ ಒಣಗಿರುತ್ತದೆ. ಗಾಳಿಯಲ್ಲಿ ನೀರಾವಿಯ ಪ್ರಮಾಣ ಬದಲಾದರೆ ಅಯಾನುಗಳ ಸಂಖ್ಯೆಯೂ ಬದಲಾಗಲೇಬೇಕಲ್ಲವೇ? ಉಷ್ಣತೆ-ಒತ್ತಡದ ತಿದ್ದುಪಡಿಯ ಸೂತ್ರದಲ್ಲಿ ಆರ್ದ್ರತೆಗೆ ಜಾಗವೇ ಇಲ್ಲದಿರುವುದು ನನಗೆ ಮೊದಲಿನಿಂದಲೂ ವಿಚಿತ್ರವಾಗಿ ಕಂಡಿದೆ. ಆರ್ದ್ರತೆಯ ತಿದ್ದುಪಡಿಯನ್ನೂ ಸೇರಿಸಿ ನೋಡಿ.

ಕುಮಟೆಯವಳು:

ನಾನು ಕುಮಟೆಯವಳು, ಈಗ ಹೊರಜಿಲ್ಲೆಯ ಆಸ್ಪತ್ರೆಯೊಂದರ ರೇಡಿಯೋಥೆರಪಿ ವಿಭಾಗದಲ್ಲಿ ಭೌತಶಾಸ್ತ್ರಜ್ಞೆಯಾಗಿದ್ದೇನೆ. ಮೇಲಿನವರ ಅನುಮಾನ ಸಹಜವಾದದ್ದೇ, ಆದರೆ ಶಿರಸಿಯ ಇಳಿಕೆಗೆ ಅದು ಕಾರಣವಲ್ಲ. ನೀರಾವಿ ಬೆರೆತ ಗಾಳಿಯ ಸಾಂದ್ರತೆ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಅದೇ ಹೊತ್ತಿಗೆ ಒಂದು ಅಯಾನ್ ಜೋಡಿ (ಬಿಡಿಯಾದ ಎಲೆಕ್ಟ್ರಾನ್ ಮತ್ತು ಉಳಿದ ಧನ ಅಯಾನ್) ಹುಟ್ಟಲು ಬೇಕಾಗುವ ಸರಾಸರಿ ಶಕ್ತಿಯೂ ಸ್ವಲ್ಪ ಇಳಿಯುತ್ತದೆ. ಹೀಗೆ ಒಂದು ಇನ್ನೊಂದನ್ನು ಬಹುಮಟ್ಟಿಗೆ ಹೊಡೆದುಹಾಕುವುದರಿಂದ, ಸಾಪೇಕ್ಷ ಆರ್ದ್ರತೆ ಶೇಕಡಾ 20ರಿಂದ 80ರವರೆಗೆ ಎಲ್ಲೇ ಇದ್ದರೂ ಒಟ್ಟು ಪರಿಣಾಮ ಶೇಕಡಾ 0.3ರ ಒಳಗೇ ಉಳಿಯುತ್ತದೆ. ಚೇಂಬರನ್ನು ಶೇಕಡಾ 50ರ ಆರ್ದ್ರತೆಗೆ ಕ್ಯಾಲಿಬ್ರೇಟ್ ಮಾಡಿದ್ದರೆ (ತಿಳಿದ ಡೋಸಿನೊಡನೆ ಹೋಲಿಸಿ ಅಳತೆ ನಿಗದಿ ಮಾಡಿದ್ದರೆ) ಬೇರೆ ತಿದ್ದುಪಡಿ ಬೇಡ ಎಂಬ ರೂಢಿ ಬಂದದ್ದು ಇದರಿಂದಲೇ. ಶೇಕಡಾ 6ರ ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ.

ಪ್ರಶ್ನೆ ಕೇಳಿದವರಿಗೆ ನನ್ನದೊಂದು ಮರುಪ್ರಶ್ನೆ: ಒತ್ತಡದ ಅಂಕಿಯನ್ನು ನೀವು ಎಲ್ಲಿಂದ ತೆಗೆದುಕೊಂಡಿರಿ?

ಘಟ್ಟದ ಮೇಲಿನವ:

ಎರಡೂ ಊರಿನಲ್ಲಿ ಮೊಬೈಲಿನ ಹವಾಮಾನ ಆ್ಯಪ್ ನೋಡಿ ಬರೆದುಕೊಂಡೆ, ಮೇಡಂ. ಕಾರವಾರಕ್ಕೂ ಶಿರಸಿಗೂ 1009 ಹೆಕ್ಟೋಪಾಸ್ಕಲ್, ಅಂದರೆ 100.9 ಕಿಲೋಪಾಸ್ಕಲ್ ಎಂದೇ ತೋರಿಸಿತು.

ಕುಮಟೆಯವಳು:

ಹಾಗಿದ್ದರೆ ನಿಮ್ಮ ಚೇಂಬರ್ ಸರಿಯಾಗಿಯೇ ಇದೆ. ಹವಾಮಾನ ವರದಿಗಳಲ್ಲಿ ಸಾಮಾನ್ಯವಾಗಿ ಕೊಡುವ ಒತ್ತಡ ಆ ಊರಿನ ನೆಲದ ಮೇಲಿನ ಒತ್ತಡವಲ್ಲ. ಎತ್ತರವನ್ನು ಕಳೆದು ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಅಂಕಿ. ಬೇರೆ ಬೇರೆ ಎತ್ತರದ ಊರುಗಳನ್ನು ಒಂದೇ ನಕ್ಷೆಯಲ್ಲಿ ಹೋಲಿಸಲು ಅವರಿಗೆ ಅದು ಅಗತ್ಯ. ಕಡಲ ಬದಿಯ ಕಾರವಾರದಲ್ಲಿ ಈ ಎರಡು ಅಂಕಿಗಳೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅಲ್ಲಿ ಯಾರಿಗೂ ಬಿಸಿ ತಟ್ಟುವುದಿಲ್ಲ. ಶಿರಸಿಯಾದರೋ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ. ಅಲ್ಲಿನ ನಿಜವಾದ ಒತ್ತಡ 94.4 ಕಿಲೋಪಾಸ್ಕಲಿನ ಆಸುಪಾಸು ಇರಬೇಕು. ದೇವಿಮನೆ ಘಟ್ಟ ಹತ್ತುವಾಗ ಬಸ್ಸಿನಲ್ಲಿ ಕುಳಿತು, ಬ್ಯಾರೋಮೀಟರ್ ಸೆನ್ಸರ್ ಇರುವ ಮೊಬೈಲಿನಲ್ಲಿ ಸೆನ್ಸರಿನ ನೇರ ಅಂಕಿ ತೋರಿಸುವ ಆ್ಯಪ್ ತೆರೆದಿಟ್ಟುಕೊಂಡರೆ, ತಿರುವು ತಿರುವಿಗೂ ಅಂಕಿ ಇಳಿಯುವುದು ಕಾಣುತ್ತದೆ.

ಈಗ ನಿಮ್ಮ ಅಂಕಿಗಳನ್ನೇ ಇಟ್ಟು ಲೆಕ್ಕ ಮಾಡೋಣ. ಚೇಂಬರ್ ಗಾಳಿಗೆ ತೆರೆದುಕೊಂಡಿರುವುದರಿಂದ ಒಳಗಿನ ಗಾಳಿಯ ದ್ರವ್ಯರಾಶಿ ಒತ್ತಡದೊಂದಿಗೆ ಏರುತ್ತದೆ, ಉಷ್ಣತೆ ಏರಿದರೆ ಇಳಿಯುತ್ತದೆ; ಗಾಳಿ ಕಡಿಮೆಯಾದರೆ ಹುಟ್ಟುವ ಅಯಾನುಗಳೂ ರೀಡಿಂಗೂ ಕಡಿಮೆ. ರೀಡಿಂಗನ್ನು 20 ಡಿಗ್ರಿ, 101.325 ಕಿಲೋಪಾಸ್ಕಲ್ ಎಂಬ ಆಧಾರಸ್ಥಿತಿಗೆ ತರುವ ತಿದ್ದುಪಡಿಯ ಗುಣಾಂಕ ಎಂದರೆ, ಸೆಲ್ಸಿಯಸ್ ಉಷ್ಣತೆಗೆ 273.15 ಕೂಡಿಸಿ 293.15ರಿಂದ ಭಾಗಿಸುವುದು, ಆಮೇಲೆ ಅದನ್ನು 101.325ರಿಂದ ಗುಣಿಸಿ ಕಿಲೋಪಾಸ್ಕಲ್ ಒತ್ತಡದಿಂದ ಭಾಗಿಸುವುದು. ಕಾರವಾರದ 27 ಡಿಗ್ರಿ, 100.9ಕ್ಕೆ ಅದು 1.028 ಆಗುತ್ತದೆ. ಶಿರಸಿಯ 24 ಡಿಗ್ರಿ, 94.4ಕ್ಕೆ 1.088 ಆಗುತ್ತದೆ. ನಿಮ್ಮ 100ನ್ನು ಮೊದಲನೆಯದರಿಂದ ಗುಣಿಸಿದರೂ 102.8, ನಿಮ್ಮ 94.5ನ್ನು ಎರಡನೆಯದರಿಂದ ಗುಣಿಸಿದರೂ 102.8. ಶಿರಸಿಯ ತಂಪು ಒತ್ತಡದ ಇಳಿಕೆಯನ್ನು ಒಂದಿಷ್ಟು ಮರೆಮಾಡಿದ್ದರಿಂದ ಕಚ್ಚಾ ರೀಡಿಂಗಿನಲ್ಲಿ ವ್ಯತ್ಯಾಸ 5.5ಕ್ಕೆ ನಿಂತಿತ್ತು, ನೀವು ಉಷ್ಣತೆಯನ್ನು ಮಾತ್ರ ಸರಿಪಡಿಸಿ ಒತ್ತಡವನ್ನು ಸಮುದ್ರಮಟ್ಟದಲ್ಲೇ ಬಿಟ್ಟದ್ದರಿಂದ ಆ ಮರೆ ಸರಿದು 6ರ ಮೇಲೆ ಹೋಯಿತು.

ಇದು ಪ್ರಾಜೆಕ್ಟಿನಲ್ಲಿ ನಡೆದರೆ ಕುತೂಹಲದ ಸಂಗತಿ, ಚಿಕಿತ್ಸಾ ಯಂತ್ರದ ಮುಂದೆ ನಡೆದರೆ ಅಪಾಯ. ಘಟ್ಟದ ಮೇಲಿನ ಊರೊಂದರಲ್ಲಿ ಲಿನಾಕ್ ಯಂತ್ರ (ಎಲೆಕ್ಟ್ರಾನುಗಳಿಗೆ ವೇಗ ಕೊಟ್ಟು ಚಿಕಿತ್ಸೆಯ ಕಿರಣ ಹೊಮ್ಮಿಸುವ ಯಂತ್ರ) ಇದೆ, ಅದರ ಡೋಸನ್ನು ಹೀಗೆಯೇ ಆ್ಯಪಿನ ಒತ್ತಡ ಹಾಕಿ ಅಳೆದರು ಎಂದುಕೊಳ್ಳಿ. ಯಂತ್ರ ಸರಿಯಾಗಿದ್ದರೂ ಡೋಸ್ ಶೇಕಡಾ 6ರಿಂದ 7ರಷ್ಟು ಕಡಿಮೆ ಎಂದು ಕಾಣುತ್ತದೆ. ಅದನ್ನು ನಂಬಿ ಯಂತ್ರದ ಹೊಮ್ಮಿಕೆಯನ್ನು ಏರಿಸಿಬಿಟ್ಟರೆ ಅಂದಿನಿಂದ ಬರುವ ಪ್ರತಿ ರೋಗಿಗೂ ಅಷ್ಟು ಹೆಚ್ಚು ಡೋಸ್ ಬೀಳುತ್ತದೆ. ರೋಗಿಗೆ ತಲುಪುವ ಡೋಸಿನಲ್ಲಿ ಎಲ್ಲ ಹಂತಗಳ ದೋಷವೂ ಸೇರಿ ಶೇಕಡಾ 5 ಮೀರಬಾರದೆಂಬುದು ಬಹುಕಾಲದಿಂದ ಒಪ್ಪಿಕೊಂಡು ಬಂದ ಮಿತಿ. ಇಲ್ಲಿ ಬ್ಯಾರೋಮೀಟರೊಂದೇ ಅದನ್ನು ನುಂಗಿಹಾಕುತ್ತದೆ. ಆದ್ದರಿಂದ ಚೇಂಬರಿನ ಪರೀಕ್ಷೆ ಎಂದರೆ ನನ್ನ ದೃಷ್ಟಿಯಲ್ಲಿ ಮೊದಲು ಬ್ಯಾರೋಮೀಟರಿನ ಮತ್ತು ಥರ್ಮೋಮೀಟರಿನ ಪರೀಕ್ಷೆ. ಚೇಂಬರಿನ ಸರದಿ ಆಮೇಲೆ. ಗೋಡೆಗೆ ತೂಗುಹಾಕುವ ಅನೆರಾಯ್ಡ್ (ಪಾದರಸವಿಲ್ಲದ, ಮುಳ್ಳಿನ) ಬ್ಯಾರೋಮೀಟರುಗಳನ್ನೂ ಸಮುದ್ರಮಟ್ಟಕ್ಕೆ ಹೊಂದಿಸಿಯೇ ಮಾರುವುದುಂಟು, ಹಿಂಬದಿಯ ತಿರುಪನ್ನು ಯಾರು ಯಾವಾಗ ತಿರುಗಿಸಿದರೆಂಬುದು ಯಾರಿಗೂ ನೆನಪಿರುವುದಿಲ್ಲ.

ಇನ್ನು ಕೆಲವು ಸಣ್ಣ ವಿಷಯಗಳು. ನಮ್ಮ ಕಡೆಯ ಅಕ್ಷಾಂಶಗಳಲ್ಲಿ ಒತ್ತಡ ದಿನಕ್ಕೆ ಎರಡು ಬಾರಿ ಏರಿಳಿಯುತ್ತದೆ: ಬೆಳಗಿನ 10ರ ಹೊತ್ತಿಗೆ ಹೆಚ್ಚು, ಸಂಜೆ 4ರ ಹೊತ್ತಿಗೆ ಕಡಿಮೆ, ವ್ಯತ್ಯಾಸ ಸುಮಾರು 0.3 ಕಿಲೋಪಾಸ್ಕಲ್. ಬೆಳಗಿನ ಅಂಕಿಯನ್ನೇ ಸಂಜೆಗೂ ಬಳಸಿದರೆ ಶೇಕಡಾ 0.3ರ ತಪ್ಪು ನುಸುಳುತ್ತದೆ. ಉಷ್ಣತೆಯಲ್ಲಿ 1 ಡಿಗ್ರಿ ತಪ್ಪಿದರೆ ಶೇಕಡಾ 0.34. ನೀರಿನ ತೊಟ್ಟಿಯಲ್ಲಿ ಅಳೆಯುವಾಗ ಕೋಣೆಯ ಉಷ್ಣತೆಯನ್ನಲ್ಲ, ನೀರಿನದನ್ನೇ ಹಾಕಬೇಕು. ಆವಿಯಾಗುವುದರಿಂದ ನೀರು ಕೋಣೆಗಿಂತ ತಣ್ಣಗಿರುತ್ತದೆ, ಅದರೊಳಗಿನ ಚೇಂಬರ್ ನೀರಿನ ಉಷ್ಣತೆಗೆ ಬರಲು ಕೆಲವು ನಿಮಿಷ ಬೇಕು. ನಿಮ್ಮ ಚೇಂಬರಿನ ಪ್ರಮಾಣಪತ್ರದಲ್ಲಿ ಆಧಾರ ಉಷ್ಣತೆ 20 ಡಿಗ್ರಿ ಎಂದಿದೆಯೋ 22 ಎಂದಿದೆಯೋ ನೋಡಿಕೊಳ್ಳಿ. ಅಮೆರಿಕದ ಪದ್ಧತಿಯಲ್ಲಿ 22 ಇರುತ್ತದೆ, ಗಮನಿಸದಿದ್ದರೆ ಶೇಕಡಾ 0.7 ಹೋಯಿತು. ಸ್ಟ್ರಾನ್ಷಿಯಮ್-90ರ ಅರ್ಧಾಯುಷ್ಯ 28.8 ವರ್ಷವಾದ್ದರಿಂದ ಸೋರ್ಸ್ ವರ್ಷಕ್ಕೆ ಶೇಕಡಾ 2.4ರಷ್ಟು ಕ್ಷೀಣಿಸುತ್ತದೆ, ಕಳೆದ ವರ್ಷದ ದಾಖಲೆಯೊಡನೆ ಹೋಲಿಸುವಾಗ ಇದನ್ನೂ ಸೇರಿಸಿಕೊಳ್ಳಬೇಕು.

ಮಲ್ಲಾಪುರದ ಹಳಬ:

ಮೇಡಂ ಹೇಳಿದ್ದು ಸರಿ. ನಾನು ಕೈಗಾ ಕಡೆ ವಿಕಿರಣ ಮಾಪಕಗಳ ನಿರ್ವಹಣೆಯಲ್ಲಿ ಇದ್ದು ನಿವೃತ್ತನಾದವನು. ರೋಗಿಗಳ ಡೋಸ್ ನನ್ನ ಕ್ಷೇತ್ರವಲ್ಲ, ಆದ್ದರಿಂದ ನಿಮ್ಮ ಎರಡನೆಯ ತೊಂದರೆಯ ಬಗ್ಗೆ ಮಾತ್ರ ಹೇಳುತ್ತೇನೆ. ಅಲ್ಲಿ ಆರ್ದ್ರತೆಗೆ ಪಾತ್ರ ಇದ್ದೇ ಇದೆ, ಆದರೆ ಅದು ಚೇಂಬರಿನ ಗಾಳಿಯಲ್ಲಿ ಅಲ್ಲ, ಇನ್ಸುಲೇಟರಿನ ಮೇಲ್ಮೈಯಲ್ಲಿ. ಚೇಂಬರಿಗೆ ಕೊಡುವ ವೋಲ್ಟೇಜ್ 300 ವೋಲ್ಟಿನ ಆಸುಪಾಸು, ಅಳೆಯುವ ವಿದ್ಯುತ್ತು ಮಾತ್ರ ಆಂಪಿಯರಿನ ಲಕ್ಷಕೋಟಿಯ ಒಂದು ಪಾಲಿನ ಲೆಕ್ಕದ್ದು. ಕನೆಕ್ಟರಿನ ಬಿಳಿ ಇನ್ಸುಲೇಟರಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ತೇವ, ಅದರಲ್ಲಿ ಕಡಲ ಗಾಳಿ ತಂದ ಉಪ್ಪು, ಯಾರೋ ಮುಟ್ಟಿದ ಬೆರಳಿನ ಜಿಡ್ಡು ಸೇರಿತೆಂದರೆ ಸೋರಿಕೆಗೆ ಬೇರೆ ದಾರಿಯೇ ಬೇಡ.

ಸೋರಿಕೆ ಎಲ್ಲಿದೆ ಎಂದು ಹುಡುಕುವುದಕ್ಕೆ ಒಂದು ಕ್ರಮವಿದೆ. ಮೊದಲು ಚೇಂಬರನ್ನೂ ಕೇಬಲನ್ನೂ ಬಿಚ್ಚಿ, ಎಲೆಕ್ಟ್ರೋಮೀಟರಿನ ಬಾಯಿಗೆ ಅದರ ಮುಚ್ಚಳ ಹಾಕಿ, ಹತ್ತು ನಿಮಿಷ ಬಿಟ್ಟು ಅಂಕಿ ಎಷ್ಟು ಸರಿಯುತ್ತದೆಂದು ನೋಡಿ. ಅಲ್ಲಿ ನಿಂತಿದ್ದರೆ ಎಕ್ಸ್‌ಟೆನ್ಷನ್ ಕೇಬಲನ್ನು ಮಾತ್ರ ಜೋಡಿಸಿ ನೋಡಿ, ಕೊನೆಗೆ ಚೇಂಬರ್. ಪ್ರತಿ ಹಂತದಲ್ಲೂ ವೋಲ್ಟೇಜ್ ಹಾಕಿದ ಕೂಡಲೇ ಬರುವ ಅಂಕಿಯನ್ನು ನಂಬಬೇಡಿ. ಇನ್ಸುಲೇಟರುಗಳು ನೆಲೆಗೊಳ್ಳಲು ಸಮಯ ಬೇಕು. ಕೇಬಲನ್ನು ಬಗ್ಗಿಸಿದಾಗ, ಎಳೆದಾಗ, ಅದರ ಮೇಲೆ ಕಾಲಿಟ್ಟಾಗಲೂ ಘರ್ಷಣೆಯ ವಿದ್ಯುದಂಶ ಹುಟ್ಟಿ ಅಂಕಿ ಹಿಂದೆಮುಂದೆ ಓಡುತ್ತದೆ. ನಿಮ್ಮ ಅಂಕಿ ಒಮ್ಮೊಮ್ಮೆ ಹಿಂದಕ್ಕೆ ಸರಿಯುವುದು ಇದರಿಂದಲೇ ಇರಬಹುದು. ಮುಟ್ಟದೆ ಬಿಟ್ಟು ನೋಡಿದರೆ ಎರಡನ್ನೂ ಬೇರ್ಪಡಿಸಬಹುದು: ಸೋರಿಕೆಯಾದರೆ ಒಂದೇ ದಿಕ್ಕಿಗೆ ನಿಧಾನವಾಗಿ ಸರಿಯುತ್ತದೆ, ಕೇಬಲಿನದಾದರೆ ಜಿಗಿದು ನಿಲ್ಲುತ್ತದೆ.

ನಮ್ಮ ಕರಾವಳಿಯಲ್ಲಿ ಇವನ್ನು ಕಾಪಾಡುವುದು ಮಳೆಗಾಲಕ್ಕೆ ಹಪ್ಪಳದ ಡಬ್ಬಿ ಕಾಪಾಡಿದ ಹಾಗೆ: ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅದರ ಬಣ್ಣ ಬದಲಾದ ಕೂಡಲೇ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕುವುದು. ಏಸಿ ಕೋಣೆಯಲ್ಲಿ ಇಟ್ಟ ಚೇಂಬರನ್ನು ನೇರವಾಗಿ ಜುಲೈ ತಿಂಗಳ ಹೊರಗಾಳಿಗೆ ತಂದರೆ ತಣ್ಣನೆಯ ಕನೆಕ್ಟರಿನ ಮೇಲೆ ಹನಿಗಟ್ಟುತ್ತದೆ. ಡಬ್ಬಿ ಮುಚ್ಚಿಯೇ ಹೊರಗೆ ತಂದು, ಅದು ಹೊರಗಿನ ಉಷ್ಣತೆಗೆ ಬಂದ ಮೇಲೆ ತೆರೆಯಬೇಕು. ಇನ್ಸುಲೇಟರನ್ನು ಬಾಯಿಂದ ಊದಿ ಶುಚಿ ಮಾಡುವವರನ್ನು ಕಂಡಿದ್ದೇನೆ. ಉಸಿರಿಗಿಂತ ಹಸಿಯಾದ ಗಾಳಿ ಮತ್ತೆಲ್ಲಿದೆ?

ಘಟ್ಟದ ಮೇಲಿನವ:

ಮೇಡಂ, ಸರ್, ಇಬ್ಬರಿಗೂ ಧನ್ಯವಾದಗಳು. ಎಲೆಕ್ಟ್ರೋಮೀಟರ್ ಒಂದೇ ಇದ್ದಾಗ ಅಂಕಿ ನಿಂತಿದೆ, ಎಕ್ಸ್‌ಟೆನ್ಷನ್ ಕೇಬಲ್ ಜೋಡಿಸಿದ ಕೂಡಲೇ ಸರಿಯಲು ಶುರುವಾಗುತ್ತದೆ. ಆದ್ದರಿಂದ ಕೇಬಲಿನ ಎರಡೂ ತುದಿಗಳನ್ನು ಒಣಗಿಸಲು ಇಟ್ಟಿದ್ದೇನೆ. ಇನ್ನೊಂದು ಪ್ರಶ್ನೆ: ಪ್ರೋಟಾನ್ ಅಥವಾ ಕಾರ್ಬನ್ ಕಿರಣಗಳ ಚಿಕಿತ್ಸೆಯಲ್ಲೂ ಇದೇ ಚೇಂಬರ್, ಇದೇ ಪರೀಕ್ಷೆಗಳೇ ನಡೆಯುತ್ತವೆಯೇ? ಕಣ ಭೌತಶಾಸ್ತ್ರದಲ್ಲಿ ಬಳಸುವ ಅನಿಲ ಶೋಧಕಗಳನ್ನೂ ಘಟ್ಟದ ಮೇಲೆ ತಂದರೆ ಹೀಗೆಯೇ ರೀಡಿಂಗ್ ಇಳಿಯುತ್ತದೆಯೇ?

ಕುಮಟೆಯವಳು:

ಹಿರಿಯರು ಸೋರಿಕೆಯ ಬಗ್ಗೆ ಹೇಳಿದ್ದಕ್ಕೆ ಸೇರಿಸಬೇಕಾದದ್ದು ಇಷ್ಟೇ: ಸೋರಿಕೆಯನ್ನು ಅಳತೆಯ ವಿದ್ಯುತ್ತಿನ ಜೊತೆ ಹೋಲಿಸಿ ನೋಡಿ, ಅದು ಶೇಕಡಾ 0.1ಕ್ಕಿಂತ ಕೆಳಗಿರಲಿ. ಚೆಕ್ ಸೋರ್ಸಿನ ವಿದ್ಯುತ್ತು ಲಿನಾಕಿನದಕ್ಕಿಂತ ಬಹಳ ಸಣ್ಣದಾದ್ದರಿಂದ, ಯಂತ್ರದ ಮುಂದೆ ಗಣನೆಗೇ ಬಾರದ ಸೋರಿಕೆ ನಿಮ್ಮ ಮೇಜಿನ ಮೇಲೆ ದೊಡ್ಡದಾಗಿ ಕಾಣಬಹುದು.

ಪ್ರೋಟಾನಿನ ಪ್ರಶ್ನೆಗೆ ಬರುತ್ತೇನೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು 2000ದಲ್ಲಿ ಪ್ರಕಟಿಸಿ 2024ರಲ್ಲಿ ಪರಿಷ್ಕರಿಸಿದ, ನಮ್ಮಲ್ಲಿ ಟಿಆರ್‌ಎಸ್-398 ಎಂದೇ ಎಲ್ಲರೂ ಕರೆಯುವ ಪದ್ಧತಿಯಲ್ಲಿ ಫೋಟಾನ್, ಎಲೆಕ್ಟ್ರಾನ್, ಪ್ರೋಟಾನ್, ಭಾರ ಅಯಾನ್ ಎಲ್ಲಕ್ಕೂ ಚೌಕಟ್ಟು ಒಂದೇ: ಕೋಬಾಲ್ಟ್-60ರ ಗಾಮಾ ಕಿರಣದಲ್ಲಿ ಕ್ಯಾಲಿಬ್ರೇಟ್ ಆದ ಗಾಳಿ ಚೇಂಬರ್, ನೀರಿನ ತೊಟ್ಟಿ, ಮತ್ತು ಕಿರಣದ ಗುಣಕ್ಕೆ ತಕ್ಕ ಒಂದು ಗುಣಾಂಕ. ಬದಲಾಗುವುದು ಗುಣಾಂಕದ ಒಳಗಿರುವ ಅಂಕಿಗಳು. ಗಾಳಿಯಲ್ಲಿ ಒಂದು ಅಯಾನ್ ಜೋಡಿಗೆ ಎಲೆಕ್ಟ್ರಾನುಗಳು ಸರಾಸರಿ 33.97 ಎಲೆಕ್ಟ್ರಾನ್‌ವೋಲ್ಟ್ ಖರ್ಚು ಮಾಡಿದರೆ ಪ್ರೋಟಾನುಗಳಿಗೆ 34.44, ಕಾರ್ಬನ್ ಅಯಾನುಗಳಿಗೆ 34.71 ಎಂಬುದು ಈಗ ಶಿಫಾರಸಾಗಿರುವ ಬೆಲೆ. ಅಷ್ಟೇ ಡೋಸಿಗೆ ಪ್ರೋಟಾನು ಶೇಕಡಾ 1.4ರಷ್ಟು ಕಡಿಮೆ ವಿದ್ಯುದಂಶ ಕೊಡುತ್ತದೆ ಎಂದಾಯಿತು. ಆಳ ಹೆಚ್ಚಿದಂತೆ ಡೋಸ್ ಏರಿ ಕೊನೆಗೆ ಥಟ್ಟನೆ ಬೀಳುವ ಬ್ರ್ಯಾಗ್ ಶಿಖರವನ್ನು ಗುರುತಿಸಲು ಮಾತ್ರ ಫಾರ್ಮರ್ ಮಾದರಿ ಸಾಲದು, ಅದರ ಉರುಳೆಯೇ ಶಿಖರವನ್ನು ಮಸುಕಾಗಿಸುತ್ತದೆ. ಅಲ್ಲಿ ಚಪ್ಪಟೆ ಚೇಂಬರ್ ಬೇಕು.

ಅಲ್ಲಿ ಹೆಚ್ಚು ಎಚ್ಚರ ಬೇಡುವ ಪರೀಕ್ಷೆ ಪುನಃಸಂಯೋಗದ್ದು. ಹುಟ್ಟಿದ ಅಯಾನುಗಳೆಲ್ಲ ಎಲೆಕ್ಟ್ರೋಡ್ ತಲುಪುವುದಿಲ್ಲ, ಕೆಲವು ದಾರಿಯಲ್ಲೇ ಮತ್ತೆ ಕೂಡಿಹೋಗುತ್ತವೆ. ಎಷ್ಟು ಹೋದವು ಎಂದು ತಿಳಿಯಲು ಒಂದೇ ಡೋಸನ್ನು ಎರಡು ವೋಲ್ಟೇಜಿನಲ್ಲಿ, ಉದಾಹರಣೆಗೆ 300 ಮತ್ತು 100ರಲ್ಲಿ, ಅಳೆಯುತ್ತೇವೆ. ಲಿನಾಕಿನಂಥ ಪಲ್ಸ್ ಕಿರಣದಲ್ಲಿ (ಬಿಡಿಬಿಡಿ ಮಿಡಿತಗಳಾಗಿ ಬರುವ ಕಿರಣದಲ್ಲಿ) 300ರ ರೀಡಿಂಗ್ 100ರದಕ್ಕಿಂತ ಶೇಕಡಾ 1.2 ಹೆಚ್ಚಿದ್ದರೆ, ವೋಲ್ಟೇಜುಗಳ ಅನುಪಾತ 3ರಲ್ಲಿ 1 ಕಳೆದು ಉಳಿದ 2ರಿಂದ ಭಾಗಿಸಿ, ನಷ್ಟ ಸುಮಾರು ಶೇಕಡಾ 0.6 ಎಂದು ತೆಗೆಯಬಹುದು. ಕೋಬಾಲ್ಟಿನಂಥ ನಿರಂತರ ಕಿರಣಕ್ಕೆ ಈ ಲೆಕ್ಕ ಸಲ್ಲದು, ಅಲ್ಲಿ ಅನುಪಾತಗಳ ವರ್ಗ ಬರುತ್ತದೆ. ಪ್ರೋಟಾನುಗಳಿಗೆ ವೇಗ ಕೊಡುವ ಯಂತ್ರಗಳಲ್ಲಿ ಸೈಕ್ಲೋಟ್ರಾನ್ ಎಂಬ ಬಗೆಯ ಕಿರಣ ಚೇಂಬರಿನ ಪಾಲಿಗೆ ನಿರಂತರವಾದದ್ದೇ, ಸಿಂಕ್ರೋಸೈಕ್ಲೋಟ್ರಾನಿನದು ಪಲ್ಸುಗಳಾಗಿ ಬರುತ್ತದೆ; ಆದ್ದರಿಂದ ಯಂತ್ರ ಯಾವುದೆಂದು ತಿಳಿಯದೆ ಸೂತ್ರ ಹಾಕುವಂತಿಲ್ಲ. ಕಾರ್ಬನಿನಲ್ಲಿ ಒಂದೊಂದು ಕಣದ ಜಾಡಿನೊಳಗೇ ಅಯಾನುಗಳು ದಟ್ಟವಾಗಿರುವುದರಿಂದ ಡೋಸ್ ದರ ಎಷ್ಟೇ ಕಡಿಮೆಯಿದ್ದರೂ ಸ್ವಲ್ಪ ನಷ್ಟ ಉಳಿದೇ ಉಳಿಯುತ್ತದೆ. ವೋಲ್ಟೇಜಿನ ಚಿಹ್ನೆ ತಿರುಗಿಸಿ ನೋಡುವ ಪೊಲಾರಿಟಿ ಪರೀಕ್ಷೆಯನ್ನೂ ಜೊತೆಗೇ ಮಾಡಿಬಿಡಿ, ತಿರುಗಿಸಿದ ಮೇಲೆ ಕೆಲವು ನಿಮಿಷ ಕಾಯಿರಿ.

ಕೊನೆಯ ಪ್ರಶ್ನೆಗೆ ಉತ್ತರ ನಿಮಗೆ ಆಶ್ಚರ್ಯ ತರಬಹುದು: ಎಲ್ಲ ಅನಿಲ ಶೋಧಕಗಳೂ ಶಿರಸಿಯಲ್ಲಿ ಇಳಿಯುವುದಿಲ್ಲ. ಜಾರ್ಜ್ ಶಾರ್ಪಾಕ್ 1968ರಲ್ಲಿ ಕಟ್ಟಿದ, 1992ರಲ್ಲಿ ಅವರಿಗೆ ನೊಬೆಲ್ ತಂದ ಬಹುತಂತಿ ಚೇಂಬರಿನಲ್ಲಾಗಲಿ, ಫಾಬಿಯೊ ಸೌಲಿ 1997ರಲ್ಲಿ ತಂದ ಜೆಮ್ ಎಂಬ ರಂಧ್ರಹಾಳೆಯ ಶೋಧಕದಲ್ಲಾಗಲಿ, ಎಲೆಕ್ಟ್ರಾನುಗಳು ಅನಿಲದೊಳಗೇ ಹಲವು ಪಟ್ಟಾಗಿ ಬೆಳೆಯುತ್ತವೆ. ಅನಿಲ ತೆಳುವಾದರೆ ಒಂದು ಡಿಕ್ಕಿಗೂ ಮುಂದಿನದಕ್ಕೂ ನಡುವೆ ಎಲೆಕ್ಟ್ರಾನಿಗೆ ಹೆಚ್ಚು ವೇಗ ಪಡೆಯಲು ಅವಕಾಶ ಸಿಗುತ್ತದೆ, ಬೆಳವಣಿಗೆಯೂ ಹೆಚ್ಚುತ್ತದೆ. ಇವುಗಳಲ್ಲಿ ಅನಿಲವನ್ನು ಸಾಮಾನ್ಯವಾಗಿ ವಾತಾವರಣದ ಒತ್ತಡದಲ್ಲೇ ಹರಿಯಬಿಡುವುದರಿಂದ, ಅದೇ ವೋಲ್ಟೇಜಿನಲ್ಲಿ ಘಟ್ಟ ಹತ್ತಿಸಿದರೆ ಸಂಕೇತ ಏರುತ್ತದೆ. ಅದೂ ಸಾಂದ್ರತೆ ಇಳಿದ ಪ್ರಮಾಣದ ಹಲವು ಪಟ್ಟು. ಕಾರವಾರದಲ್ಲಿ ಸುರಕ್ಷಿತವಾಗಿದ್ದ ವೋಲ್ಟೇಜಿಗೆ ಶಿರಸಿಯಲ್ಲಿ ಕಿಡಿ ಹಾರುವ ಸಾಧ್ಯತೆಯೂ ಇದೆ. ಹೀಗಾಗಿ ಅವುಗಳ ಪರೀಕ್ಷೆಯಲ್ಲಿ ಒತ್ತಡದ ದಾಖಲೆಯನ್ನು ನೋಡುತ್ತ ವೋಲ್ಟೇಜನ್ನೇ ಸರಿಹೊಂದಿಸುವ ಪದ್ಧತಿಯಿದೆ. ಮುಚ್ಚಿ ಬೆಸೆದ ಗೈಗರ್ ಕೊಳವೆಗೆ ಇದಾವುದರ ಗೊಡವೆಯಿಲ್ಲ.

ಮಲ್ಲಾಪುರದ ಹಳಬ:

ಗೈಗರಿನ ಮಾತು ಬಂದದ್ದರಿಂದ ಒಂದು ಸೇರ್ಪಡೆ. ಕೈಯಲ್ಲಿ ಹಿಡಿದು ಸುತ್ತುವ ಸರ್ವೇ ಮೀಟರುಗಳಲ್ಲಿಯೂ ಗಾಳಿಗೆ ತೆರೆದ ಅಯಾನ್ ಚೇಂಬರಿನವು ಇವೆ, ಅವೂ ಘಟ್ಟದ ಮೇಲೆ ಶೇಕಡಾ 6ರಷ್ಟು ಕಡಿಮೆ ತೋರಿಸುತ್ತವೆ. ಆದರೆ ಆ ಮೀಟರುಗಳಿಂದ ನಾವು ನಿರೀಕ್ಷಿಸುವ ನಿಖರತೆಯೇ ಅದಕ್ಕಿಂತ ಸಡಿಲ, ಹಾಗಾಗಿ ಅಲ್ಲಿ ಇದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಮೇಡಂ ಅವರಲ್ಲಿ ಒಂದು ಕೇಳುವುದಿದೆ: ಲಿನಾಕಿನ ತಲೆಯೊಳಗೇ ಡೋಸ್ ಎಣಿಸುವ ಚೇಂಬರ್ ಇರುತ್ತದಲ್ಲ, ಅದು ತೆರೆದದ್ದೋ ಮುಚ್ಚಿದ್ದೋ?

ಕುಮಟೆಯವಳು:

ಎರಡೂ ಬಗೆಯವು ಇವೆ. ಮುಚ್ಚಿದ್ದಾದರೆ ಹವೆಯ ಏರಿಳಿತ ಅದಕ್ಕೆ ತಾಗಬಾರದು. ತೆರೆದದ್ದಾದರೆ ಯಂತ್ರವೇ ಉಷ್ಣತೆ ಮತ್ತು ಒತ್ತಡಗಳನ್ನು ಅಳೆದು ಸರಿಪಡಿಸಿಕೊಳ್ಳುತ್ತದೆ. ಕಷ್ಟ ಬರುವುದು ಮುಚ್ಚಿದ ಚೇಂಬರಿನ ಬೆಸುಗೆ ಸಡಿಲಾಗಿ, ಅದು ಯಾರಿಗೂ ತಿಳಿಯದಂತೆ ತೆರೆದ ಚೇಂಬರ್ ಆದಾಗ. ಆಗ ಒತ್ತಡ ಇಳಿದ ದಿನ ಅದರೊಳಗೆ ಗಾಳಿ ಕಡಿಮೆ, ಎಣಿಕೆ ನಿಧಾನ; ನಿಗದಿತ ಎಣಿಕೆ ಮುಗಿಯುವಷ್ಟರಲ್ಲಿ ರೋಗಿಗೆ ಹೆಚ್ಚು ಡೋಸ್ ಹೋಗಿರುತ್ತದೆ. ನಾನು ಮೊದಲು ಕೆಲಸ ಮಾಡಿದ ಕಡೆ ಇದನ್ನು ಪತ್ತೆ ಮಾಡಿದ್ದು ಯಾವ ವಿಶೇಷ ಉಪಕರಣದಿಂದಲೂ ಅಲ್ಲ. ದಿನದಿನದ ಡೋಸ್ ತಪಾಸಣೆಯ ಅಂಕಿಗಳನ್ನು ಒಂದು ಗೆರೆಯಾಗಿಯೂ ಅದೇ ದಿನಗಳ ಉಷ್ಣತೆ-ಒತ್ತಡದ ಗುಣಾಂಕವನ್ನು ಇನ್ನೊಂದು ಗೆರೆಯಾಗಿಯೂ ಒಂದೇ ಹಾಳೆಯಲ್ಲಿ ಎಳೆದಾಗ, ಎರಡೂ ಜೊತೆಜೊತೆಯಾಗಿ ಏರಿಳಿಯುತ್ತಿದ್ದವು. ಪ್ರತಿ ದಿನದ ವ್ಯತ್ಯಾಸ ಶೇಕಡಾ 3ರ ಮಿತಿಯೊಳಗೇ ಇದ್ದುದರಿಂದ ಬಿಡಿಬಿಡಿಯಾಗಿ ನೋಡಿದಾಗ ಎಲ್ಲವೂ ಸರಿಯಾಗಿಯೇ ಕಂಡಿತ್ತು.

ಪ್ರಶ್ನೆ ಕೇಳಿದವರು ತಮ್ಮ ಪ್ರಾಜೆಕ್ಟಿನಲ್ಲೂ ಇದೇ ಹಾಳೆಯನ್ನು ಎಳೆಯಬಹುದು. ನಿಮ್ಮ ತೆರೆದ ಚೇಂಬರಿನ ಕಚ್ಚಾ ರೀಡಿಂಗ್ ಗುಣಾಂಕಕ್ಕೆ ವಿರುದ್ಧವಾಗಿ ಚಲಿಸಬೇಕು, ತಿದ್ದಿದ ರೀಡಿಂಗ್ ಸಮವಾಗಿ ನಿಲ್ಲಬೇಕು. ತಿದ್ದಿದ ಮೇಲೂ ಅದು ಗುಣಾಂಕದ ದಿಕ್ಕಿಗೇ ಓಡುತ್ತಿದ್ದರೆ ಚೇಂಬರಿನ ಗಾಳಿಕಿಂಡಿ ಮುಚ್ಚಿಹೋಗಿದೆಯೇ ಎಂದು ನೋಡಿ. ಕಡಲ ಬದಿಯಲ್ಲಿ ಅಲ್ಲಿಗೂ ಉಪ್ಪು, ಧೂಳು ಸೇರುವುದುಂಟು. ಕಾರವಾರದಿಂದ ಶಿರಸಿಗೆ ಇನ್ನೊಮ್ಮೆ ಹೋಗುವಾಗ ನಡುವೆ, ಕಡಲ ಬದಿಯಲ್ಲೇ ಇರುವ ಕುಮಟೆಯಲ್ಲೂ ಒಂದು ರೀಡಿಂಗ್ ತೆಗೆಯಿರಿ. ಅದು ಕಾರವಾರದ ಅಂಕಿಗೆ ಹೊಂದದಿದ್ದರೆ ಎತ್ತರದ ಮೇಲೆ ತಪ್ಪು ಹೊರಿಸುವಂತಿಲ್ಲ.